ದುಡ್ಡು ಬಂದಿತ್ತು, ನನಗೇ ಗೊತ್ತಿರಲಿಲ್ಲ

2022ರಲ್ಲಿ ಶಿವಮೊಗ್ಗದಲ್ಲಿ ಬಿಎಸ್ಸಿಗೆ ಸೇರಿದೆ. ಹಾಸ್ಟೆಲ್ ಸೀಟು ಸಿಗಲಿಲ್ಲ. ಊರ ಕಡೆಯ ಇಬ್ಬರು ಹುಡುಗಿಯರ ಜೊತೆ ರೂಮ್ ಮಾಡಿದೆ. ಬಾಡಿಗೆ, ಅಕ್ಕಿ, ಗ್ಯಾಸ್ ಎಲ್ಲ ಮೂರು ಪಾಲು. ಅಪ್ಪನಿಗಿರುವುದು ಎರಡು ಎಕರೆ ಗದ್ದೆ. ಹಾಗಾಗಿ ಮೊದಲ ದಿನದಿಂದಲೂ ವಿದ್ಯಾಸಿರಿ ಮೇಲೆ ಕಣ್ಣಿತ್ತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ಆಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳ ದುಡ್ಡು ಬರುತ್ತಿತ್ತು. ಒಟ್ಟು 15,000. ನಮಗದು ದೊಡ್ಡ ಮೊತ್ತವೇ.

ಅರ್ಜಿ ಹಾಕುವುದು ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಎಲ್ಲರೂ ಅದಕ್ಕೆ ಹೆದರುತ್ತಾರೆ, ನಿಜವಾಗಿ ಅದೇ ಸುಲಭದ ಕೆಲಸ. ನಾಡಕಚೇರಿಯಲ್ಲಿ ಮಾಡಿಸಿದ ಜಾತಿ, ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ನಂಬರ್ ಹಾಕಿದರೆ ವಿವರ ತಾನಾಗಿಯೇ ಬರುತ್ತದೆ. ಆದಾಯ ಪ್ರಮಾಣಪತ್ರ ನಡೆಯುವುದು 5 ವರ್ಷ ಮಾತ್ರ, ತಾರೀಖು ನೋಡಿಕೊಳ್ಳಿ. ವ್ಯಾಸಂಗ ಪತ್ರ, ಶುಲ್ಕದ ರಸೀದಿಗೆ ಇ-ದೃಢೀಕರಣ ಆಗಬೇಕು. ಮೂಲ ಪ್ರತಿ ಹಿಡಿದು ಅಧಿಕಾರಿ ಮುಂದೆ ನಿಲ್ಲಬೇಕು. ಕೊನೇ ವಾರದಲ್ಲಿ ಹೋದರೆ ಜಾತ್ರೆ. ನಾನು ಎರಡು ದಿನ ಕ್ಲಾಸ್ ತಪ್ಪಿಸಿ ನಿಂತೆ.

ಅರ್ಜಿ ಮಂಜೂರಾಯಿತು. ಗೆಳತಿಯರಿಬ್ಬರಿಗೂ ದುಡ್ಡು ಬಂತು. ನನ್ನ ಪಾಸ್‌ಬುಕ್ ಮಾತ್ರ ಖಾಲಿ. ಮೂರು ತಿಂಗಳು ಕಾಲೇಜು ಕಚೇರಿಯಲ್ಲಿ ಸುಮ್ನೆ ಜಗಳವಾಡಿದೆ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ಕೊನೆಗೆ ಸೀನಿಯರ್ ಒಬ್ಬರು ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಸಿದರು. ಸರ್ಕಾರದ ದುಡ್ಡು ಯಾವ ಖಾತೆಗೆ ಬಂತು ಅಂತ ಅದರಲ್ಲಿ ಕಾಣುತ್ತದೆ. ತೆರೆದು ನೋಡಿದರೆ, ದುಡ್ಡು ಜಮಾ ಆಗಿದೆ! ಅದೂ ನನಗೆ ನೆನಪೇ ಇಲ್ಲದ ಬ್ಯಾಂಕಿಗೆ. ಪಿಯುಸಿಯಲ್ಲಿದ್ದಾಗ ಸಿಮ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದ್ದೆ. ಸಿಮ್ ಜೊತೆ ಖಾತೆಯೂ ಶುರುವಾಗಿತ್ತು. ಆಧಾರ್ ಅದಕ್ಕೇ ಹೋಗಿ ಕೂತಿತ್ತು.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಬ್ಯಾಂಕಿನಲ್ಲಿ 'ಆಧಾರ್ ಲಿಂಕ್ ಆಗಿದೆ' ಅಂದರೆ ಸಾಲದು. ಎರಡು ಮೂರು ಖಾತೆಗೆ ಆಧಾರ್ ಕೊಟ್ಟಿರಬಹುದು, ಆದರೆ ಸರ್ಕಾರದ ದುಡ್ಡು ಹೋಗುವುದು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಮ್ಯಾಪಿಂಗ್ ಆಗಿರುವ ಒಂದೇ ಖಾತೆಗೆ. ಅದು ಸಾಮಾನ್ಯವಾಗಿ ಕೊನೆಯಲ್ಲಿ ಜೋಡಿಸಿದ ಖಾತೆ. ಅರ್ಜಿ ಜೊತೆ ಯಾವ ಪಾಸ್‌ಬುಕ್ ನಕಲು ಕೊಟ್ಟರೂ ಅದಕ್ಕೆ ಬೆಲೆಯಿಲ್ಲ. ಆಧಾರ್ ವೆಬ್‌ಸೈಟಿಗೆ ಹೋಗಿ ಒಟಿಪಿ ಹಾಕಿದರೆ ಯಾವ ಬ್ಯಾಂಕ್ ಅಂತ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ನಾನು ಆ ಹಳೇ ಖಾತೆಯ ದುಡ್ಡು ತೆಗೆದುಕೊಂಡು, ನನ್ನ ಬ್ಯಾಂಕಿನಲ್ಲಿ ಫಾರಂ ತುಂಬಿ ಮ್ಯಾಪಿಂಗ್ ಬದಲಾಯಿಸಿದೆ.

ಇನ್ನೊಂದು ಕಥೆ ರೈತ ವಿದ್ಯಾನಿಧಿಯದ್ದು. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ಯೋಜನೆ. ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಇದಕ್ಕೆ ಅಪ್ಪ ಅಥವಾ ಅಮ್ಮನ ಫ್ರೂಟ್ಸ್ ಐಡಿ (ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ) ಬೇಕು, ಅಂದರೆ ಪಹಣಿ ಅವರ ಹೆಸರಲ್ಲಿರಬೇಕು. ನಮ್ಮದು ತೀರಿಕೊಂಡ ಅಜ್ಜನ ಹೆಸರಲ್ಲೇ ಇತ್ತು. ನಮ್ಮ ಕಡೆ ಯಾರ ಮನೆಯಲ್ಲಿ ಹಾಗಿಲ್ಲ ಹೇಳಿ? ಮೊದಲ ವರ್ಷದ 5,500 ಅಲ್ಲಿಗೇ ಹೋಯಿತು.

ಆಮೇಲೆ ಅಪ್ಪ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಓಡಾಡಿದರು. ಮರಣ ಪತ್ರ, ವಂಶವೃಕ್ಷ, ಇಬ್ಬರು ಅತ್ತೆಯರ ಒಪ್ಪಿಗೆ. ದೊಡ್ಡ ಅತ್ತೆ 'ಪಾಲು ತಪ್ಪಿಸೋಕೆ ಏನೋ ಆಟ ಇದು' ಅಂತ ಆರು ತಿಂಗಳು ಸಹಿ ಹಾಕಲಿಲ್ಲ. ಅವರದ್ದೂ ತಪ್ಪಿಲ್ಲ ಬಿಡಿ. ಸಹಿ ಬಿದ್ದು, ಪಹಣಿ ಬದಲಾಗಿ, ರೈತ ಸಂಪರ್ಕ ಕೇಂದ್ರದಲ್ಲಿ ಐಡಿ ಸಿಗುವ ಹೊತ್ತಿಗೆ ನಾನು ಮೂರನೇ ವರ್ಷಕ್ಕೆ ಬಂದಿದ್ದೆ. ಒಂದೇ ಒಂದು ಸಲ ಆ ದುಡ್ಡು ಸಿಕ್ಕಿತು.

ಈಗ ತಮ್ಮ ಪಿಯುಸಿ ಸೇರಿದ್ದಾನೆ. ಮೊನ್ನೆ ಅವನ ಫೋನ್ ಕಿತ್ತುಕೊಂಡು ಮೊದಲು ಮ್ಯಾಪಿಂಗ್ ನೋಡಿದೆ. ಅವನ ಆಧಾರ್ ಯಾವ ಬ್ಯಾಂಕಿಗೂ ಜೋಡಣೆಯಾಗಿರಲಿಲ್ಲ.