ದತ್ತು ಕೊಡುವ ಬೆಕ್ಕುಗಳ ಜೊತೆ ವಾಲಂಟಿಯರ್ ಆಗುವುದು ಹೇಗೆ?

ಶೆಲ್ಟರ್‌ಗೆ ಹೋಗಿ ಬೆಕ್ಕು ನೋಡಿಕೊಳ್ಳುತ್ತೇನೆ ಅಂದರೆ ಮುದ್ದಾಡಿ ಬರುವ ಕೆಲಸ ಅಂತಲೇ ಎಲ್ಲರೂ ತಿಳಿಯುತ್ತಾರೆ. ಮುದ್ದಾಟ ಕೊನೆಗೆ. ಮೊದಲು ಪೊರಕೆ, ಬಕೆಟ್ಟು. ಆಮೇಲೆ ಸುಮ್ನೆ ಕೂರುವುದು. ಜನರನ್ನು ಕಂಡರೆ ಮೂಲೆ ಸೇರುವ ಬೆಕ್ಕನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಆ ಹೆದರಿಕೆ ಬಿಡಿಸುವುದೇ ನಿಮ್ಮ ಕೆಲಸ.

ಎಲ್ಲಿ ಕೇಳಬೇಕು?

ಬಳ್ಳಾರಿಯಲ್ಲಾದರೆ ಪಶು ಆಸ್ಪತ್ರೆಯಿಂದ ಶುರುಮಾಡಿ. ಗಾಯಗೊಂಡ ಬೀದಿ ಪ್ರಾಣಿಗಳನ್ನು ಹೊತ್ತು ತರುವವರು ಯಾರು ಅಂತ ಅಲ್ಲಿನವರಿಗೆ ಗೊತ್ತಿರುತ್ತದೆ, ಅವರ ಹತ್ತಿರ ಹೋಗಿ ಕೇಳಿ. ವಾರಕ್ಕೆ ಒಂದೇ ದಿನ ಆದರೂ ಪರವಾಗಿಲ್ಲ, ಹೇಳಿದ ಹೊತ್ತಿಗೆ ಹೋಗಿ. ಸೇರುವ ಮೊದಲೇ ರೇಬಿಸ್ ಲಸಿಕೆ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. ಬೆಕ್ಕು ಕಚ್ಚಿದರೆ, ಪರಚಿದರೆ ನಲ್ಲಿ ನೀರು ಬಿಟ್ಟುಕೊಂಡು ಸೋಪಿನಿಂದ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಮೆತ್ತಬೇಡಿ.

ಫಿನಾಯಿಲ್ ಮುಟ್ಟಬೇಡಿ

ಮರಿಗಳ ಜಾಗ ಮೊದಲು, ದೊಡ್ಡವುಗಳದ್ದು ಆಮೇಲೆ, ಹುಷಾರಿಲ್ಲದವುಗಳದ್ದು ಕೊನೆಗೆ ಕ್ಲೀನ್ ಮಾಡಿ. ಇದು ಹಿಂದುಮುಂದಾದರೆ ನಿಮ್ಮ ಚಪ್ಪಲಿಯಲ್ಲೇ ರೋಗ ಮರಿಗಳಿಗೆ ಹೋಗುತ್ತದೆ. ಪ್ಯಾನ್‌ಲ್ಯುಕೋಪೀನಿಯಾ ಎಂಬ ವಾಂತಿಭೇದಿ ರೋಗದ ವೈರಸ್ಸು ತಿಂಗಳುಗಟ್ಟಲೆ ನೆಲದಲ್ಲೇ ಬದುಕಿರುತ್ತದೆ, ಸ್ಯಾನಿಟೈಸರಿಗೆ ಜಗ್ಗುವುದಿಲ್ಲ. ಸೋಪಿನಿಂದ ತಿಕ್ಕಿ ತೊಳೆದು, 1 ಪಾಲು ಲಿಕ್ವಿಡ್ ಬ್ಲೀಚಿಗೆ 32 ಪಾಲು ನೀರು ಬೆರೆಸಿ ಹಾಕಿ, 10 ನಿಮಿಷ ಬಿಟ್ಟು ತೊಳೆಯಿರಿ. ನೆಲ ಒಣಗಿದ ಮೇಲೆಯೇ ಬೆಕ್ಕನ್ನು ಬಿಡಿ.

ಫಿನಾಯಿಲ್ ಮಾತ್ರ ಬೇಡವೇ ಬೇಡ. ಪಂಜಕ್ಕೆ ಹತ್ತಿದ್ದನ್ನು ಬೆಕ್ಕು ನೆಕ್ಕುತ್ತದೆ, ಅದರ ಲಿವರ್‌ಗೆ ಅದು ವಿಷ. ವಾಸನೆ ಘಮ್ಮೆಂದರೇ ಕ್ಲೀನ್ ಅನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜ್ವರ ಅಂತ ಪ್ಯಾರಾಸಿಟಮಾಲ್ ಚೂರನ್ನೂ ಕೊಡಬಾರದು, ಅದೂ ಪ್ರಾಣ ತೆಗೆಯುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ಮಣ್ಣಿನ ಬಟ್ಟಲಲ್ಲಿ ನೀರಿಡಿ. ನಾಯಿ ಬಾಯಿ ತೆರೆದು ಏದುಸಿರು ಬಿಡುವುದು ಸಹಜ. ಬೆಕ್ಕು ಹಾಗೆ ಮಾಡಿದರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ.

ಕೂರುವ ಕೆಲಸ

ನೆಲದ ಮೇಲೆ ಅಡ್ಡ ಮುಖ ಮಾಡಿ ಕೂತುಕೊಳ್ಳಿ. ದಿಟ್ಟಿಸಿ ನೋಡಬೇಡಿ, ಬೆಕ್ಕಿಗೆ ಅದು ಜಗಳದ ನೋಟ. ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯಿರಿ. ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಕೋಳಿ ಚೂರನ್ನು ಸ್ವಲ್ಪ ದೂರದಲ್ಲಿಟ್ಟು ಪೇಪರ್ ಓದುತ್ತಾ ಇರಿ. ಮೊದಲು ಮೀಸೆ ಹೊರಬರುತ್ತದೆ. ಆಮೇಲೆ ಒಂದು ಕಾಲು. ಚೂರು ಕಚ್ಚಿಕೊಂಡು ಮತ್ತೆ ಒಳಗೆ ಓಡುತ್ತದೆ. ಓಡಲಿ ಬಿಡಿ, ಹಿಡಿಯಲು ಹೋದರೆ ಒಂದು ವಾರದ ಕೆಲಸ ನೀರುಪಾಲು.

ಹತ್ತಿರ ಬಂದು ಬೆರಳು ಮೂಸಿ ಕೆನ್ನೆ ಉಜ್ಜಿದರೆ ಗಲ್ಲದ ಕೆಳಗೆ ಸವರಿ. ಹೊಟ್ಟೆಗೆ ಕೈ ಹಾಕಬೇಡಿ. ಬಾಲ ಪಟಪಟ ಬಡಿಯಿತಾ, ಕಿವಿ ಹಿಂದಕ್ಕೆ ಹೋಯ್ತಾ, ಕೈ ತೆಗೆಯಿರಿ.

ಬರೆದಿಡಿ

ಶೆಲ್ಟರ್ ಪುಸ್ತಕದಲ್ಲಿ ಬೆಕ್ಕಿನ ಬಗ್ಗೆ ‘ಚೆನ್ನಾಗಿದೆ’ ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಮಿಕ್ಸಿ ಸದ್ದಿಗೆ ಬೆಚ್ಚುತ್ತೆ, ಮಕ್ಕಳ ಹತ್ತಿರ ಬರುತ್ತೆ, ಮೊಸರನ್ನ ಮೂಸೋದೂ ಇಲ್ಲ’ ಅಂತ ಬರೆದರೆ ಯಾವ ಮನೆಗೆ ಹೊಂದುತ್ತದೆ ಅಂತ ಗೊತ್ತಾಗುತ್ತದೆ. ಕರಿ ಬೆಕ್ಕಿನ ಬಗ್ಗೆ ಎರಡು ಸಾಲು ಜಾಸ್ತಿಯೇ ಬರೆಯಿರಿ. ಅಡ್ಡ ಬಂದರೆ ಅಪಶಕುನ ಅನ್ನುವವರ ನಡುವೆ ಅದಕ್ಕೆ ಮನೆ ಸಿಗುವುದು ಕಷ್ಟ ಅಲ್ವಾ?

ಒಯ್ಯುವವರಿಗೆ ಹೇಳಿ

ಮೊದಲ ಕೆಲವು ದಿನ ಒಂದೇ ರೂಮು, ಇಲ್ಲಿನದೇ ಊಟ, ಇಲ್ಲಿನದೇ ಮರಳಿನ ಟ್ರೇ. ಕಿಟಕಿಗೆ ಜಾಲರಿ ಇರಲಿ. ಮಾರನೇ ದಿನ ನೀವೇ ಅವರಿಗೆ ಫೋನ್ ಮಾಡಿ. ‘ಮಂಚದ ಕೆಳಗಿಂದ ಹೊರಗೇ ಬಂದಿಲ್ಲ’ ಅಂದರೆ ಗಾಬರಿ ಬೇಡ. ‘ನಿನ್ನೆಯಿಂದ ಏನೂ ತಿಂದಿಲ್ಲ’ ಅಂದರೆ ಮಾತ್ರ ಅವತ್ತೇ ಪಶು ಆಸ್ಪತ್ರೆಗೆ ಕಳಿಸಿ.