ಎಕ್ಸ್‌ಪಾರ್ಟಿ ತಡೆಯಾಜ್ಞೆಯನ್ನು ಅದೇ ಕೋರ್ಟಿನಲ್ಲಿ ತೆಗೆಸಿದ್ದು: ನನ್ನ ಅನುಭವ

‘ಕೊಟ್ಟ ಕೋರ್ಟೇ ಟಿಐ ವೆಕೇಟ್ ಮಾಡಲ್ಲ ಸಾರ್. ಹೈಕೋರ್ಟಿಗೆ ಎಂಎಫ್‌ಎ ಹಾಕಿ, ಇಲ್ಲಾಂದ್ರೆ ಪಾರ್ಟಿ ಹತ್ರ ಕೂತು ಮಾತಾಡಿ ಮುಗಿಸ್ಕೊಳ್ಳಿ.’ ನನ್ನ ವಾರಪತ್ರಿಕೆಯ ಮೇಲೆ ಎಕ್ಸ್‌ಪಾರ್ಟಿ, ಅಂದರೆ ನಮ್ಮ ಮಾತು ಕೇಳದೆಯೇ ಕೊಟ್ಟ, ತಡೆಯಾಜ್ಞೆ ಬಂದಾಗ ನಮ್ಮೂರಿನ ಮೂವರು ಹಿರಿಯ ವಕೀಲರು ಹೇಳಿದ್ದು ಇದನ್ನೇ. ಟಿಐ ಅಂದರೆ ತಾತ್ಕಾಲಿಕ ತಡೆಯಾಜ್ಞೆ, ವೆಕೇಟ್ ಅಂದರೆ ಅದನ್ನು ತೆಗೆಯುವುದು, ಎಂಎಫ್‌ಎ ಅಂದರೆ ಅದರ ವಿರುದ್ಧದ ಮೇಲ್ಮನವಿ. 2019ರ ಚುನಾವಣೆ ಹೊತ್ತಿನಲ್ಲಿ ಬೆಂಗಳೂರಿನ ಅಭ್ಯರ್ಥಿಯೊಬ್ಬರು 49 ಮಾಧ್ಯಮಗಳ ಮೇಲೆ ತಂದಿದ್ದ ತಡೆಯಾಜ್ಞೆ ಬಿದ್ದದ್ದು ಹೈಕೋರ್ಟಿನಲ್ಲೇ ಎಂದು ಉದಾಹರಣೆಯನ್ನೂ ಕೊಟ್ಟರು. ಆ ದಾರಿಗೆ ಕಡಿಮೆಯೆಂದರೂ ಒಂದೂವರೆ ಲಕ್ಷ. 1,800 ಪ್ರತಿ ಹಾಕುವ ವಾರಪತ್ರಿಕೆಗೆ ಅದು ನಾಲ್ಕು ತಿಂಗಳ ಅಚ್ಚಿನ ಖರ್ಚು.

ಕೆರೆ ಅಂಗಳಕ್ಕೆ ಮಣ್ಣು ತುಂಬಿ ಸೈಟು ಮಾಡಿದ್ದರ ಬಗ್ಗೆ ಸರಣಿ ಬರೆಯುತ್ತಿದ್ದೆ. ಎರಡು ಕಂತು ಬಂದಿತ್ತು. ಮೂರನೆಯದರ ಪುಟ ಕಟ್ಟಿ ಪ್ರೆಸ್ಸಿಗೆ ಕಳಿಸುವ ಹೊತ್ತಿಗೆ ವಾಟ್ಸ್ಯಾಪಿನಲ್ಲಿ ಆದೇಶದ ಫೋಟೊ ಬಂತು, ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನದು. ಎದುರು ಪಾರ್ಟಿಯ ಲೀಗಲ್ ನೋಟಿಸ್ ಬಂದ ವಾರವೇ ಎಚ್ಚೆತ್ತು, ಸಿವಿಲ್ ಪ್ರೊಸೀಜರ್ ಕೋಡ್‌ನ (ಸಿಪಿಸಿ) ಸೆಕ್ಷನ್ 148ಎ ಅಡಿ ಕೇವಿಯಟ್, ಅಂದರೆ ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ, ಹಾಕಿದ್ದೆ. ಎರಡು ಸಾವಿರ ಚಿಲ್ಲರೆ ಖರ್ಚಾಗಿತ್ತು. ಆದರೆ ಹಾಕಿದ್ದು ನಮ್ಮ ತಾಲ್ಲೂಕು ಕೋರ್ಟಿನಲ್ಲಿ. ಸುದ್ದಿ ಆನ್‌ಲೈನ್‌ನಲ್ಲೂ ಇದೆ, ಬೆಂಗಳೂರಿನವರೂ ಓದಿದ್ದಾರೆ ಎಂದು ಅವರು ಅಲ್ಲಿ ದಾವೆ ಹೂಡಿದರು. ಇದು ಶುದ್ಧ ನನ್ನ ತಪ್ಪು. ಪಾರ್ಟಿಯ ಆಫೀಸು ಎಲ್ಲಿದೆ ಎಂದು ನೋಡಬೇಕಿತ್ತು.

ಮೊದಲು ಹಿಡಿದ ವಕೀಲರು 40 ಸಾವಿರ ತೆಗೆದುಕೊಂಡು ಮೂವತ್ತು ಪುಟದ ಆಕ್ಷೇಪಣೆ ಬರೆದರು. ತುಂಬ ಪತ್ರಿಕಾ ಸ್ವಾತಂತ್ರ್ಯ, ಸಂವಿಧಾನದ 19(1)(ಎ). ಕೆರೆಯ ಸರ್ವೆ ನಂಬರ್ ಬಂದದ್ದು ಹದಿನೇಳನೇ ಪುಟದಲ್ಲಿ! ನಾಲ್ಕು ಅಡ್ಜರ್ನ್‌ಮೆಂಟ್. ಪ್ರತಿ ಸಲ ಬಸ್ಸು, ಊಟ, ಜೆರಾಕ್ಸ್ ಸೇರಿ ಸಾವಿರದೈನೂರು. ಐದು ತಿಂಗಳಲ್ಲಿ ಜಾಹೀರಾತು ಕೊಡುವವರೂ ಹಿಂಜರಿದರು. ಅದರಲ್ಲೇ 70-80 ಸಾವಿರ ಹೋಯಿತು.

ಆಮೇಲೆ ನಾನೇ ಆರ್ಡರ್‌ಶೀಟು, ವಾದಪತ್ರ, ಅಫಿಡವಿಟ್ಟು ಎಲ್ಲದರ ಸರ್ಟಿಫೈಡ್ ಕಾಪಿ ತೆಗೆಸಿ ಒಂದು ರಾತ್ರಿ ಪೂರ್ತಿ ಕೂತು ಓದಿದೆ. ಎರಡು ಅಂಶ ಸಿಕ್ಕವು. ಸಿಪಿಸಿಯ ಆರ್ಡರ್ 39 ರೂಲ್ 3ರ ಪ್ರಕಾರ ನೋಟಿಸಿಲ್ಲದೆ ಟಿಐ ಪಡೆದವರು ಕೂಡಲೇ ಎಲ್ಲ ಕಾಗದವನ್ನೂ ಎದುರಿನವರಿಗೆ ತಲುಪಿಸಬೇಕು ಇಲ್ಲವೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬೇಕು, ಹಾಗೆ ಮಾಡಿದ್ದೇವೆ ಎಂದು ಅದೇ ದಿನ ಅಥವಾ ಮರುದಿನ ಅಫಿಡವಿಟ್ ಹಾಕಬೇಕು. ಫೈಲಿನಲ್ಲಿ ಅಫಿಡವಿಟ್ಟೇ ಇರಲಿಲ್ಲ. ನನಗೆ ಬಂದ ಕವರಿನ ಮೇಲಿನ ಅಂಚೆ ಮುದ್ರೆ ಆದೇಶವಾದ ಹನ್ನೊಂದನೇ ದಿನದ್ದು. ಆ ಕವರನ್ನು ಕಸಕ್ಕೆ ಹಾಕದೆ ಎತ್ತಿಟ್ಟವಳು ನನ್ನ ಹೆಂಡತಿ.

ಎರಡನೆಯದು ಇನ್ನೂ ಗಟ್ಟಿ. ‘ನಮ್ಮ ನೋಟಿಸಿಗೆ ಪತ್ರಿಕೆ ಉತ್ತರಿಸಲೇ ಇಲ್ಲ’ ಎಂದು ವಾದಪತ್ರದಲ್ಲಿ ಬರೆದಿದ್ದರು. ನಾನು ಗ್ರಾಮನಕಾಶೆ, ಸರ್ವೆ ಸ್ಕೆಚ್ಚು ಲಗತ್ತಿಸಿ ಉತ್ತರ ಕೊಟ್ಟಿದ್ದೆ, ಅವರು ಸಹಿ ಹಾಕಿದ ಅಕ್ನಾಲೆಡ್ಜ್‌ಮೆಂಟ್ ಕಾರ್ಡು ನನ್ನ ಬಳಿ ಇತ್ತು. ಗೊತ್ತಿದ್ದೂ ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿ ಎಕ್ಸ್‌ಪಾರ್ಟಿ ಆದೇಶ ಪಡೆದಿದ್ದರೆ, ತೆಗೆಯುವುದು ಬೇಡ ಎನ್ನಲು ಕಾರಣ ಬರೆದಿಡದ ಹೊರತು ಕೋರ್ಟು ಅದನ್ನು ತೆಗೆಯಲೇಬೇಕು ಎನ್ನುತ್ತದೆ ಅದೇ ಆರ್ಡರಿನ ರೂಲ್ 4.

ಹೊಸದಾಗಿ ಹಿಡಿದ ವಕೀಲೆ ಇನ್ನೂ ಚಿಕ್ಕವರು, ಫೀಸು 15 ಸಾವಿರ. ಟಿಐ ತೆಗೆಯಿರಿ ಎಂದು ಕೇಳುವ ಐಎ (ಮಧ್ಯಂತರ ಅರ್ಜಿ) ಮೂರೇ ಪುಟ, ಅದರಲ್ಲಿ ಅರ್ಧ ನಾನೇ ಕನ್ನಡದಲ್ಲಿ ಬರೆದುಕೊಟ್ಟದ್ದು. ಜೊತೆಗೆ ಬ್ಲೂಮ್‌ಬರ್ಗ್ ಮತ್ತು ಝೀ ನಡುವಿನ ಪ್ರಕರಣದಲ್ಲಿ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ವಿಚಾರಣೆ ನಡೆಯುವ ಮೊದಲೇ ಸುದ್ದಿ ತಡೆಯುವುದು ಅಪರೂಪದ ಸಂದರ್ಭದಲ್ಲಿ ಮಾತ್ರ ಎಂಬ ಭಾಗಕ್ಕೆ ಗೆರೆ ಎಳೆದು ಕೊಟ್ಟೆವು. ಮೂವತ್ತು ದಿನದಲ್ಲಿ ಅರ್ಜಿ ಇತ್ಯರ್ಥ ಮಾಡಲು ಯತ್ನಿಸಬೇಕೆಂಬ ರೂಲ್ 3ಎ ಬಗ್ಗೆ ಕೊನೆಗೆ ಒಂದೇ ಸಾಲು. ವಾದ ಹನ್ನೆರಡು ನಿಮಿಷ ನಡೆದಿರಬಹುದು. ಹಿಂದಿನ ದಿನ ಒಂದು ಮೆಮೊ ಕೂಡ ಹಾಕಿದ್ದೆವು. ಅದರಲ್ಲಿ ಏನಿತ್ತು ಎಂದು ಇಲ್ಲಿ ಬರೆಯುವುದಿಲ್ಲ, ದಾವೆ ಇನ್ನೂ ಇದೆ, ಎದುರು ಪಾರ್ಟಿಯೂ ಓದುತ್ತಾರೆ. ಎಂಟು ದಿನಕ್ಕೆ ಆದೇಶ ಬಂತು: ಟಿಐ ವೆಕೇಟ್. ಊರಿಗೆ ಬಂದವನೇ ಆದೇಶದ ಪ್ರತಿಯನ್ನು ಆ ಮೂವರ ಮೇಜಿನ ಮೇಲೂ ಇಟ್ಟು ಬಂದೆ.

ನಡುವೆ ಬೇರೆ ಪ್ರಯತ್ನಗಳೂ ಆದವು. ಒಂದು ವಾರ ಮುಖಪುಟದಲ್ಲಿ ಖಾಲಿ ಚೌಕ ಬಿಟ್ಟು ‘ನ್ಯಾಯಾಲಯದ ತಡೆಯಾಜ್ಞೆ ಇದೆ’ ಎಂದಷ್ಟೇ ಹಾಕಿದೆ. ಓದುಗರ ಫೋನು ನಿಲ್ಲಲಿಲ್ಲ. ತಹಶೀಲ್ದಾರರ ವರದಿಯನ್ನು ಯಥಾವತ್ತು ಅಚ್ಚು ಹಾಕುವ ಆಸೆಯೂ ಇತ್ತು. ರೂಲ್ 2ಎ ಪ್ರಕಾರ ಆದೇಶ ಮೀರಿದರೆ ಮೂರು ತಿಂಗಳವರೆಗೆ ಸಿವಿಲ್ ಜೈಲು ಎಂದು ವಕೀಲೆ ತಡೆದರು. ಸಾಕಷ್ಟು ಆಧಾರವಿಲ್ಲದೆ ತಡೆಯಾಜ್ಞೆ ತಂದದ್ದಕ್ಕೆ ಸಿಪಿಸಿಯ ಸೆಕ್ಷನ್ 95ರಡಿ ಪರಿಹಾರ ಕೇಳಿದೆ, ಸಿಗಲಿಲ್ಲ. ಸಿಕ್ಕಿದ್ದರೂ 50 ಸಾವಿರ ಮೀರುತ್ತಿರಲಿಲ್ಲ.

ಇದೇ ದಾರಿಯನ್ನು ಪಕ್ಕದ ತಾಲ್ಲೂಕಿನ ಸಂಪಾದಕ ಗೆಳೆಯನಿಗೂ ಹೇಳಿದೆ. ನಡೆಯಲಿಲ್ಲ. ಅವನ ಎದುರಾಳಿ ಮರುದಿನವೇ ಅಫಿಡವಿಟ್ ಹಾಕಿದ್ದರು, ಮುಚ್ಚಿಟ್ಟದ್ದೂ ಏನಿರಲಿಲ್ಲ. ಅವನು ಈಗ ಎಂಎಫ್‌ಎಯಲ್ಲಿದ್ದಾನೆ.

ನಮ್ಮ ಮೂರನೇ ಕಂತು ಆರು ತಿಂಗಳು ತಡವಾಗಿ ಬಂತು. 2,500 ಪ್ರತಿ ಹಾಕಿದೆ, ಒಂದೂ ಉಳಿಯಲಿಲ್ಲ. ಅಸಲು ದಾವೆಯಲ್ಲಿ ಇಶ್ಯೂಸ್ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು) ಫ್ರೇಮ್ ಆಗಿದೆ, ಮುಂದಿನ ತಾರೀಕಿಗೆ ಅವರ ಸಾಕ್ಷಿ. ನಾಲ್ಕನೇ ಕಂತು ಬರೆಯುತ್ತಿದ್ದೇನೆ. ಈ ಸಲ ಕೇವಿಯಟ್ ಎರಡೂ ಊರಿನಲ್ಲಿ ಇದೆ, ಅದರ ಅವಧಿಯಾದ 90 ದಿನ ಮುಗಿಯುವ ತಾರೀಕನ್ನು ಆಫೀಸಿನ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ.