ಬೇಳೆಕಾಳಿನ ಪ್ರೋಟೀನನ್ನು ತೂಗಿ ನೋಡುವ ಬಗೆ

ಪೊಟ್ಟಣದ ಹಿಂದೆ ಅಚ್ಚಾಗಿರುವ ಪ್ರೋಟೀನಿನ ಅಂಕಿಯೊಂದನ್ನೇ ನಂಬಿ ಬೇಳೆ ಆರಿಸುವುದರಿಂದ ಹೆಚ್ಚಿನ ಲಾಭವಿಲ್ಲ. ತೊಗರಿ, ಕಡಲೆ, ಹೆಸರು, ಉದ್ದು, ಹುರುಳಿ ಎಲ್ಲವೂ 100 ಗ್ರಾಮಿಗೆ ಹೆಚ್ಚುಕಡಿಮೆ 20ರಿಂದ 25 ಗ್ರಾಂ ಪ್ರೋಟೀನು ಕೊಡುತ್ತವೆ. ಸೋಯಾ ಮಾತ್ರ 35 ಗ್ರಾಂ ದಾಟುತ್ತದೆ. ಆದ್ದರಿಂದ ನೋಡಬೇಕಾದದ್ದು ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳ ಪೈಕಿ ದೇಹವು ತಾನಾಗಿ ತಯಾರಿಸಿಕೊಳ್ಳಲಾಗದ 9ರಲ್ಲಿ ಯಾವುದು ಕೊರತೆಯಾಗಿದೆ ಎಂಬುದನ್ನು ಮತ್ತು ತಿಂದದ್ದರಲ್ಲಿ ಎಷ್ಟು ಜೀರ್ಣವಾಗಿ ಮೈಗೆ ಹತ್ತುತ್ತದೆ ಎಂಬುದನ್ನು.

ಈ ಒಂಬತ್ತರ ಪೈಕಿ ಬೇಳೆಗಳಲ್ಲಿ ಲೈಸಿನ್ ಧಾರಾಳವಾಗಿದ್ದು ಮೆಥಿಯೋನಿನ್ ಕಡಿಮೆ. ಅಕ್ಕಿ, ಗೋಧಿಗಳಲ್ಲಿ ಇದು ತಿರುಗುಮುರುಗು. ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಹಾಕಿದ ಇಡ್ಲಿಯಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುವುದು ಹೀಗೆ. ಎರಡೂ ಒಂದೇ ತುತ್ತಿನಲ್ಲಿ ಇರಬೇಕೆಂದಿಲ್ಲ, ಆ ದಿನದ ಊಟದಲ್ಲಿದ್ದರೆ ಸಾಕು.

ಜೀರ್ಣದ ವಿಷಯಕ್ಕೆ ಬಂದರೆ ಕೆಲಸವೆಲ್ಲ ಅಡುಗೆಯವರದು. ಹಸಿ ಕಾಳಿನಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶಗಳಿದ್ದು, ಚೆನ್ನಾಗಿ ಬೇಯಿಸಿದಾಗ ಅವುಗಳಲ್ಲಿ ಬಹುಪಾಲು ನಾಶವಾಗುತ್ತವೆ. ಹುರುಳಿಯಂತಹ ಕಂದು ಸಿಪ್ಪೆಯ ಕಾಳಿನಲ್ಲಿ ಒಗರಿನ ಟ್ಯಾನಿನ್ ಹೆಚ್ಚಿರುವುದರಿಂದ ರಾತ್ರಿಯಿಡೀ ನೆನೆಹಾಕಿ, ಆ ನೀರನ್ನು ಚೆಲ್ಲಿ, ಮೊಳಕೆ ಬರಿಸಿ ಬೇಯಿಸುವುದು ಒಳ್ಳೆಯದು. ಮೊಳಕೆ ಬಂದ ಮಾತ್ರಕ್ಕೆ ಪ್ರೋಟೀನು ಇಮ್ಮಡಿಯಾಗುತ್ತದೆಂಬುದು ಬರಿಯ ಮಾತು; ನೀರು ಹೀರಿದ ಕಾಳಿನಲ್ಲಿ ತೂಕಕ್ಕೆ ತೂಕ ನೋಡಿದರೆ ಅದು ಕಡಿಮೆಯೇ ಇರುತ್ತದೆ. ಹಾಗೆಯೇ ಬೇಳೆಯನ್ನು ಕಪ್ಪಾಗುವಷ್ಟು ಹುರಿದರೆ ಲೈಸಿನ್ ಕೆಡುತ್ತದೆ, ಘಮ ಬಂದೊಡನೆ ಇಳಿಸಿಬಿಡಬೇಕು.

ನನಗೆ ಎಲ್ಲಕ್ಕಿಂತ ಕಸಿವಿಸಿಯಾಗುವುದು ಹುರುಳಿ ಕಟ್ಟಿನ ಸಾರು ಮಾಡಿ, ಬೆಂದ ಕಾಳನ್ನು ದನಕ್ಕೆ ಹಾಕುವುದನ್ನು ನೋಡಿದಾಗ. ಕಟ್ಟಿಗೆ ರುಚಿ ಇಳಿಯುತ್ತದೆ ನಿಜ, ಪ್ರೋಟೀನಿನ ದೊಡ್ಡ ಪಾಲು ಮಾತ್ರ ಕಾಳಿನಲ್ಲೇ ಉಳಿಯುತ್ತದೆ. ಬಸ್ಸಾರು ಮಾಡುವವರು ಬಸಿದ ಸೊಪ್ಪು ಕಾಳನ್ನು ಒಗ್ಗರಿಸಿ ಪಲ್ಯವಾಗಿ ಮುದ್ದೆಯ ಪಕ್ಕದಲ್ಲೇ ಬಡಿಸುವುದು ಎಷ್ಟೋ ಮೇಲು. ತಿಳಿಸಾರನ್ನು ಎರಡು ಸಲ ಬಡಿಸಿಕೊಂಡೆವೆಂದು ಬೇಳೆ ತಿಂದ ಲೆಕ್ಕ ಹಾಕಬಾರದು. ತಲೆಗೆ 30 ಗ್ರಾಂ ಬೇಳೆ ಬಿದ್ದರೆ ಸಿಗುವುದು ಸುಮಾರು 7 ಗ್ರಾಂ ಪ್ರೋಟೀನು. 2020ರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಬೇಕಾದದ್ದು ದೇಹತೂಕದ ಕಿಲೋವೊಂದಕ್ಕೆ 0.83 ಗ್ರಾಂ. ಉಳಿದದ್ದು ಅನ್ನ, ಮುದ್ದೆ, ಮೊಸರುಗಳಿಂದ ಕೂಡಿಬರಬೇಕು.

ರಾಜ್ಮಾ ಒಂದರಲ್ಲಿ ಮಾತ್ರ ಉದಾಸೀನ ಬೇಡ. ಅರೆಬೆಂದ ರಾಜ್ಮಾದಿಂದ ವಾಂತಿ, ಭೇದಿ ಆಗುವುದುಂಟು. ನೆನೆಸಿದ ನೀರು ಚೆಲ್ಲಿ, ಕೊತಕೊತ ಕುದಿಸಿ, ಬೆರಳಲ್ಲಿ ಒತ್ತಿದರೆ ಹಿಟ್ಟಾಗುವವರೆಗೆ ಬೇಯಿಸಿದ ಮೇಲೆಯೇ ಬಡಿಸಿ.